ಮನೆಯವರ ಚಿಂತೆಯೂ ಮೂಕಪ್ರಾಣಿಯ ಬೇನೆಯೂ





ದಾವಣಗೆರೆಯಲ್ಲಿ ಶ್ರಾವಣಮಾಸದ ಪ್ರವಚನವು ನಡೆದಿದ್ದಾಗ, ಒಂದು ಸಂಜೆ ಮಂಗಳವಾದ ತರುವಾಯ ಒಬ್ಬ ತಾಯಿಯು ಜನರೆಲ್ಲ ಚದುರುವವರೆಗೂ ಕಂಬದ ಮರೆಯಲ್ಲಿ ಕಾದಿದ್ದು, ಮುಂದೆ ಬಂದು ಶರಣು ಮಾಡಿದರು. "ಬುದ್ಧಿ, ನನ್ನ ಚಿಂತೆಯೇ ನಮ್ಮ ಮನೆಯ ನಾಯಿಗೆ ಬೇನೆಯಾಗಿ ತಗುಲಿದೆಯೆಂದು ನೆಂಟರು ಹೇಳುತ್ತಾರೆ. ಇದು ನಿಜವೇ? ನಿಜವಾದರೆ ಆ ಪಾಪ ನನಗೆ ಬರುತ್ತದೆಯೇ?" ಎಂದು ಕೇಳಿದರು. ಮೋಕ್ಷವೇನು, ಮಾಯೆಯೇನು ಎಂದು ಕೇಳುವವರಿಗೆ ಉತ್ತರ ಹೇಳಿ ಅಭ್ಯಾಸವಾದ ನಮಗೆ ಈ ಪ್ರಶ್ನೆಯು ಥಟ್ಟನೆ ಬಾಯಿ ಕಟ್ಟಿಸಿತು. "ನಾಳೆ ಬನ್ನಿರಿ ತಾಯಿ" ಎಂದು ಹೇಳಿ ಕಳುಹಿಸಿದೆವು.

ಆ ಮನೆಯ ಸಂಗತಿಯನ್ನು ಆಮೇಲೆ ವಿಚಾರಿಸಿ ತಿಳಿದೆವು. ಯಜಮಾನರದು ಮೆಕ್ಕೆಜೋಳದ ವ್ಯಾಪಾರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ 2023ರ ವರ್ಷದಲ್ಲಿ ಕೊಟ್ಟ ಮುಂಗಡವು ಹಿಂದಕ್ಕೆ ಬರಲಿಲ್ಲ. ತಂದ ಸಾಲವು ಬೆಳೆಯುತ್ತ ಹೋಯಿತು. ಅಂದಿನಿಂದ ಅವರು ಮನೆಯಲ್ಲಿ ಮಾತನಾಡುವುದನ್ನೇ ಬಿಟ್ಟರು. ಊಟಕ್ಕೆ ಕುಳಿತರೂ ಮೌನ, ಎದ್ದರೂ ಮೌನ. ಆ ತಾಯಿಯಾದರೋ ಇರುಳೆಲ್ಲ ಎಚ್ಚರವಾಗಿ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿರುವರು. ಅವರ ಪಕ್ಕದಲ್ಲಿ ಕರಿಯನೆಂಬ ನಾಡತಳಿಯ ನಾಯಿ. ಅದೂ ನಿದ್ರಿಸದು. ಕ್ರಮೇಣ ಅದು ಮುಂಗಾಲನ್ನು ನೆಕ್ಕತೊಡಗಿ, ಕೂದಲುದುರಿ, ಅಲ್ಲಿ ಹುಣ್ಣಾಯಿತು. ಬಳಿಕ ಅನ್ನವನ್ನೂ ಬಿಟ್ಟಿತು. ಬಂದ ನೆಂಟರೊಬ್ಬರು, "ಮನೆಯ ದೆಸೆ ಕೆಟ್ಟಿದೆಯೆಂಬುದಕ್ಕೆ ಇದೇ ಗುರುತು. ಹರಿಹರದ ಹೊಳೆಯ ಸೇತುವೆ ದಾಟಿಸಿ ಬಿಟ್ಟುಬನ್ನಿ" ಎಂದು ಸಲಹೆಯಿತ್ತರು. ಯಜಮಾನರು ಒಲ್ಲೆನೆನ್ನಲಿಲ್ಲ. ಆ ತಾಯಿಯು ಕಂಬದ ಮರೆಯಲ್ಲಿ ಕಾದು ನಿಂತದ್ದು ಈ ಕಾರಣದಿಂದ.

ಬಂಧುಗಳೇ, ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬಸವಣ್ಣನವರು ಕರುಗಳನ್ನೂ ಅವುಗಳ ಹಿಂದೆಯೇ ಕಳುಹಿಸಿಕೊಟ್ಟರೆಂಬ ಕಥೆಯನ್ನು ನೀವು ಬಾಲ್ಯದಿಂದ ಕೇಳಿರುವಿರಿ. ಇದನ್ನು ನಾವು ಸಾಮಾನ್ಯವಾಗಿ ಅಪರಿಗ್ರಹಕ್ಕೆ ದೃಷ್ಟಾಂತವೆಂದು ಹೇಳಿ ಮುಗಿಸಿಬಿಡುತ್ತೇವೆ. ಆದರೆ ಅಲ್ಲಿ ಇನ್ನೊಂದು ಮಾತಿದೆ. ಕಳವಿನ ನಷ್ಟವನ್ನು ಎಣಿಸುವ ಹೊತ್ತಿನಲ್ಲಿ ಅಣ್ಣನವರ ಕಿವಿಗೆ ಬಿದ್ದುದು ಕರುಗಳ ಕೂಗು. ತನ್ನ ಸಂಕಟದ ನಡುವೆ ಕೊಟ್ಟಿಗೆಯ ಸಂಕಟವನ್ನು ಕೇಳಿಸಿಕೊಳ್ಳುವ ಕಿವಿ ಎಷ್ಟು ಜನರಿಗಿದೆ? ದನ ಕಾಯುವ ಕಾಯಕದ ತುರುಗಾಹಿ ರಾಮಣ್ಣನೂ ವಚನಕಾರನಾದನೆಂಬುದನ್ನು ಮರೆಯಬಾರದು. ಇದೇ ದಾವಣಗೆರೆಯ ವಿರಕ್ತಮಠದಲ್ಲಿ 1913ರಲ್ಲಿ ಮೃತ್ಯುಂಜಯ ಅಪ್ಪಗಳೂ ಹರ್ಡೇಕರ ಮಂಜಪ್ಪನವರೂ ಬಸವಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಆರಂಭಿಸಿದರು. ಆ ದಿನ ನಮ್ಮ ರೈತರು ಎತ್ತುಗಳ ಮೈ ತೊಳೆದು ಪೂಜಿಸುವರು. ಪೂಜೆಯು ಒಂದು ದಿನದ್ದು. ಎತ್ತು ನಮ್ಮ ಮುಖವನ್ನು ನೋಡುವುದು ವರ್ಷವೆಲ್ಲ.

ಇನ್ನು ಪ್ರಶ್ನೆಗೆ ಬರೋಣ. ಒಡೆಯನ ಚಿಂತೆಯು ಪ್ರಾಣಿಯನ್ನು ಮುಟ್ಟುವುದೇ? ಮುಟ್ಟುವುದೆಂದು ಇತ್ತೀಚಿನ ಶಾಸ್ತ್ರಜ್ಞರು ಹೇಳುತ್ತಾರೆ. ಮನಸ್ಸು ಕಳವಳಗೊಂಡಾಗ ಮೂತ್ರಪಿಂಡಗಳ ಮೇಲಿರುವ ಸಣ್ಣ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ರಕ್ತಕ್ಕೆ ಬಿಡುವುವು. ಅದರಲ್ಲಿ ಸ್ವಲ್ಪ ಬೆಳೆಯುತ್ತಿರುವ ಕೂದಲಿನಲ್ಲಿ ಸೇರಿಕೊಂಡು ಅಲ್ಲಿಯೇ ಉಳಿಯುವುದು. ಮನುಷ್ಯನ ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಕೂದಲೆಂಬುದು ನಮ್ಮ ಮಂಡಿಯ ವರ್ತಕರ ಕಿರ್ದಿಪುಸ್ತಕದಂತೆ. ಯಾವ ತಿಂಗಳಲ್ಲಿ ಎಷ್ಟು ಚಿಂತೆ ಜಮೆಯಾಯಿತೆಂಬುದು ಅದರಲ್ಲಿ ಬರೆದಿರುವುದು. ಸ್ವೀಡನ್ ದೇಶದ ಲಿಂಶೋಪಿಂಗ್ ವಿಶ್ವವಿದ್ಯಾಲಯದವರು 58 ನಾಯಿಗಳ ಹಾಗೂ ಅವುಗಳನ್ನು ಸಾಕಿದವರ ಕೂದಲನ್ನು ಬೇಸಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಪರೀಕ್ಷಿಸಿ, 2019ರಲ್ಲಿ ಫಲವನ್ನು ಪ್ರಕಟಿಸಿದರು. ಸಾಕಿದವರ ಕಿರ್ದಿಯೂ ನಾಯಿಯ ಕಿರ್ದಿಯೂ ಬಹುಮಟ್ಟಿಗೆ ಜೊತೆಯಾಗಿ ಏರಿಳಿದಿದ್ದವು. ನಾಯಿಯ ಸ್ವಭಾವಕ್ಕಿಂತ ಸಾಕಿದವರ ಸ್ವಭಾವದ ಛಾಯೆಯೇ ಅದರಲ್ಲಿ ಹೆಚ್ಚಾಗಿ ಕಂಡಿತು.

ಇದು ಹೇಗೆ ಸಾಧ್ಯವೆಂದು ಕೇಳುವಿರಿ. ಒಂದು ದಾರಿ ಮೂಗಿನದು. ಬೆಲ್ಫಾಸ್ಟ್ ನಗರದ ಕ್ವೀನ್ಸ್ ವಿಶ್ವವಿದ್ಯಾಲಯದವರು 2022ರಲ್ಲಿ 36 ಜನರಿಗೆ ಕಠಿಣವಾದ ಮನೋಗಣಿತವನ್ನು ಕೊಟ್ಟು, ಲೆಕ್ಕಕ್ಕೆ ಮೊದಲು ಮತ್ತು ಆಮೇಲೆ ಅವರ ಬೆವರನ್ನೂ ಉಸಿರನ್ನೂ ಸಂಗ್ರಹಿಸಿ, ನಾಲ್ಕು ನಾಯಿಗಳ ಮುಂದಿಟ್ಟರು. ನೂರಕ್ಕೆ 93ಕ್ಕೂ ಮಿಗಿಲಾದ ಸಾರಿ ಅವು ಕಳವಳಗೊಂಡ ಬೆವರು ಇದೇ ಎಂದು ಆರಿಸಿ ತೋರಿಸಿದುವು. ವಿಭೂತಿ ಧರಿಸಿ, ನಗುಮುಖ ಹೊತ್ತು, ನೆಂಟರ ಮುಂದೆ ನಾವು ಚಿಂತೆಯನ್ನು ಮುಚ್ಚಬಹುದು. ಹೊಸ್ತಿಲಲ್ಲಿ ಮಲಗಿದ ನಾಯಿಯ ಮುಂದೆ ಆ ಆಟ ನಡೆಯದು.

ಹಸುವಿನ ವಿಷಯವಂತೂ ಹರಿಹರದ ಸುತ್ತಿನ ಹಳ್ಳಿಗಳ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಜಗಳವಾಡಿ ಬಂದು ಕೆಚ್ಚಲಿಗೆ ಕೈ ಹಾಕಿದರೆ ಹಸು ಹಾಲನ್ನು ಏರಿಸಿಕೊಳ್ಳುವುದು. ಅಮೆರಿಕೆಯ ಎಲಿ ಮತ್ತು ಪೀಟರ್ಸನ್ ಎಂಬ ವಿದ್ವಾಂಸರು 1941ರಷ್ಟು ಹಿಂದೆಯೇ ಇದರ ಕಾರಣವನ್ನು ತೋರಿಸಿದರು: ಹಾಲನ್ನು ಇಳಿಸುವುದು ಒಂದು ರಸ, ಹೆದರಿಕೆಯಾದಾಗ ಹೊರಡುವ ಅಡ್ರಿನಲಿನ್ ಎಂಬ ಇನ್ನೊಂದು ರಸ ಅದರ ಕೆಲಸವನ್ನು ತಡೆಯುವುದು. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2009ರಲ್ಲಿ 516 ಹೈನುಗಾರರನ್ನು ವಿಚಾರಿಸಿದಾಗ, ಹಸುಗಳನ್ನು ಹೆಸರಿಟ್ಟು ಕರೆಯುವವರ ಮನೆಯಲ್ಲಿ ವರ್ಷಕ್ಕೆ ಹಸುವೊಂದಕ್ಕೆ 258 ಲೀಟರಿನಷ್ಟು ಹಾಲು ಹೆಚ್ಚೆಂದು ಕಂಡುಬಂದಿತು. ಗೌರಿ, ಲಕ್ಷ್ಮಿ ಎಂದು ಕರೆಯುತ್ತ ಬಂದ ನಮ್ಮ ಅಜ್ಜಿಯಂದಿರು ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಬೆಕ್ಕಿಗೂ ಹೀಗೆಯೇ, ಮನೆಯ ಗದ್ದಲವು ಹೆಚ್ಚಾದಾಗ ಅದಕ್ಕೆ ಮೂತ್ರಕೋಶದ ಉರಿ ಕಾಣಿಸಿಕೊಳ್ಳುವುದುಂಟು. ಗಂಡುಬೆಕ್ಕಿಗೆ ಮೂತ್ರವು ಕಟ್ಟಿದರೆ ಒಂದು ದಿನವೂ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಹಾಗಾದರೆ ನೆಂಟರು ಹೇಳಿದುದೇ ಸರಿಯಾಯಿತೆ? ಇಲ್ಲ. ಇಲ್ಲಿ ಬಹಳ ಎಚ್ಚರಿಕೆ ಬೇಕು. ಅದೇ ಸ್ವೀಡನ್ನಿನ ವಿದ್ವಾಂಸರು 2021ರಲ್ಲಿ ಬೇರೆ ತಳಿಗಳನ್ನು, ಎಂದರೆ ಸ್ವತಂತ್ರವಾಗಿ ಬೇಟೆಯಾಡುವ ನಾಯಿಗಳನ್ನೂ ಬಹು ಪುರಾತನ ತಳಿಗಳನ್ನೂ ಪರೀಕ್ಷಿಸಿದಾಗ, ಆ ಹೊಂದಾಣಿಕೆ ಕಾಣಲಿಲ್ಲ. ಅಲ್ಲದೆ ಚಿಂತೆಯ ರಸವು ಹೆಚ್ಚಿತೆಂದ ಮಾತ್ರಕ್ಕೆ ರೋಗವೇ ಬಂದಿತೆಂದು ಹೇಳಲಾಗದು. ಮೂಕಪ್ರಾಣಿಯ ಬೇನೆಯನ್ನೆಲ್ಲ ಮನೆಯವರ ಮನಸ್ಸಿನ ಮೇಲೆ ಹೊರಿಸಿ ಸುಮ್ಮನೆ ಕುಳಿತರೆ, ಅದರ ಮೈಯ ನಿಜವಾದ ರೋಗವನ್ನು ನೋಡುವವರಾರು? ನಮ್ಮ ಜಾನುವಾರುಗಳಿಗೆ 2022ರಲ್ಲಿ ಚರ್ಮಗಂಟು ರೋಗ ಬಂದುದು ಯಾರ ಮನೋವ್ಯಥೆಯಿಂದಲೂ ಅಲ್ಲ. ಅದು ವಿಷಾಣುವಿನಿಂದ, ನೊಣ ಸೊಳ್ಳೆ ಉಣ್ಣೆಗಳ ಮೂಲಕ ಹರಡಿದುದು. ಆಗ ಹಸುವನ್ನು ಕಳೆದುಕೊಂಡ ರೈತನಿಗೆ "ನಿನ್ನ ಚಿಂತೆಯ ಫಲ" ಎಂದು ಹೇಳಿದ್ದರೆ ಅದು ಬೆಂದ ಹುಣ್ಣಿಗೆ ಉಪ್ಪು ಹಾಕಿದಂತಾಗುತ್ತಿತ್ತು.

ಇನ್ನೊಂದು ಸಂಗತಿ. ಈ ದಾರಿಯು ಒಮ್ಮುಖವಲ್ಲ. ಅಮೆರಿಕೆಯಲ್ಲಿ 238 ಮಂದಿ ಸಾಕಣೆದಾರರನ್ನು ವಿಚಾರಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದೀರ್ಘವ್ಯಾಧಿಯ ಪ್ರಾಣಿಯನ್ನು ನೋಡಿಕೊಳ್ಳುವವರಲ್ಲಿ ಮನೋಭಾರವೂ ಖಿನ್ನತೆಯ ಲಕ್ಷಣಗಳೂ ಹೆಚ್ಚಾಗಿ ಕಂಡವು. ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡುವ ಸೊಸೆ ಬಳಲುವಂತೆಯೇ ಇದು. ಆ ತಾಯಿಯು ಇರುಳು ಎಚ್ಚರವಿದ್ದುದರಲ್ಲಿ ಸಾಲದ ಪಾಲೆಷ್ಟು, ಕರಿಯನ ಕಾಲಿನ ಪಾಲೆಷ್ಟು ಎಂದು ಯಾರು ತೂಗಿ ಹೇಳಬಲ್ಲರು?

ಮರುದಿನ ಅವರು ಬಂದಾಗ ನಾವು ಹೇಳಿದುದಿಷ್ಟೇ: "ತಾಯಿ, ಪಾಪದ ಮಾತು ಬಿಡಿರಿ. ಇರುಳೆಲ್ಲ ನಿಮ್ಮ ಪಕ್ಕದಲ್ಲಿ ಕುಳಿತದ್ದು ಅದರ ಭೃತ್ಯಾಚಾರ. ಅದನ್ನು ದೋಷವೆನ್ನುವುದೇ ಅಪಚಾರ. ಮೊದಲು ಪಶುವೈದ್ಯರಿಗೆ ತೋರಿಸಿರಿ. ಯಜಮಾನರನ್ನೂ ಜೊತೆಗೆ ಕರೆದೊಯ್ಯಿರಿ. ಸೇತುವೆಯಾಚೆ ಬಿಡುವ ಮಾತು ಯಾರು ಆಡಿದರೂ ಒಪ್ಪಬೇಡಿರಿ." ಬಿಡುವವರು ಧರ್ಮಕ್ಕೆ ಹೆದರದಿದ್ದರೂ ಕಾನೂನಿಗಾದರೂ ಹೆದರಬೇಕು; ಹಸಿವು ನೀರಡಿಕೆಗಳಿಗೆ ಗುರಿಯಾಗುವಂತೆ ಸಾಕುಪ್ರಾಣಿಯನ್ನು ನಿಷ್ಕಾರಣವಾಗಿ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮದ ಪ್ರಕಾರ ಅಪರಾಧ.

ವೈದ್ಯರು ರಕ್ತಪರೀಕ್ಷೆ ಮಾಡಿಸಿ ಉಣ್ಣೆಜ್ವರವೆಂದು ಹೇಳಿ 28 ದಿನಗಳ ಔಷಧಿ ಕೊಟ್ಟರು. ಅನ್ನ ಬಿಟ್ಟುದಕ್ಕೆ ಕಾರಣವು ಅದಾಗಿತ್ತು. ಕಾಲು ನೆಕ್ಕುವುದರ ವಿಷಯದಲ್ಲಿ ಮಾತ್ರ ಅವರು, "ಮನೆಯಲ್ಲಿ ಏನಾದರೂ ಬದಲಾವಣೆಯಾಗಿದೆಯೇ? ಇದನ್ನು ತಿರುಗಾಡಿಸುವವರು ಯಾರು?" ಎಂದು ಕೇಳಿದರಂತೆ. ಹಿಂದೆ ದಿನಾಲು ಬೆಳಿಗ್ಗೆ ತಿರುಗಾಡಿಸುತ್ತಿದ್ದವರು ಯಜಮಾನರೇ. ಅವರು ಅಲ್ಲಿ, ಆ ಅಪರಿಚಿತ ವೈದ್ಯರ ಎದುರಿನಲ್ಲಿ, ಸಾಲದ ಮೊತ್ತವನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ಹೆಂಡತಿಗೂ ಆ ಸಂಖ್ಯೆ ಗೊತ್ತಿರಲಿಲ್ಲ.

ಸಾಲ ಇನ್ನೂ ತೀರಿಲ್ಲ. ಮೊನ್ನೆ ಹರಿಹರದಲ್ಲಿ ಒಂದು ಲಗ್ನಕ್ಕೆ ಹೋದಾಗ ಆ ತಾಯಿಯು ಸಿಕ್ಕಿದ್ದರು. ಮಾತ್ರೆಗಳು ಮುಗಿದುವು, ಅವನ್ನು ರೊಟ್ಟಿಯ ತುಣುಕಿನಲ್ಲಿಟ್ಟು ತಿನ್ನಿಸುತ್ತಿದ್ದವರು ಯಜಮಾನರೇ ಎಂದು ಹೇಳಿದರು. ಕಾಲಿನ ಹುಣ್ಣು ಮುಕ್ಕಾಲು ಮಾಯ್ದಿದೆಯಂತೆ. ಕೂದಲು ಇನ್ನೂ ಬಂದಿಲ್ಲ.