ಆರಿಸುವ ಕೈ, ತೂಗುವ ಮನಸ್ಸು

ತಮಿಳುನಾಡಿನ ತೇಣಿ ಜಿಲ್ಲೆಯ ಕಂಬಂ ಪಟ್ಟಣದ ನಂದಗೋಪಾಲನ ಗುಡಿಗೆ ಸೇರಿದ ದನದ ಮಂದೆಯೊಂದಿದೆ. ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎನ್ನುವ ಈ ದೇವರ ದನಗಳನ್ನು ಪೂಜಿಸಿಕೊಂಡು ಬಂದವರು ಅಲ್ಲಿನ ಕನ್ನಡ ಮನೆಮಾತಿನ ಒಕ್ಕಲಿಗರು. ಸುತ್ತಲಿನವರು ಅವರನ್ನು ಕಪ್ಪಿಲಿಯರ್ ಎಂದೂ ಕರೆಯುತ್ತಾರೆ. ಮಂದೆಗೊಂದು ಪಟ್ಟದ ಹೋರಿ. ಅದು ಸತ್ತರೆ ಮುಂದಿನದನ್ನು ಆರಿಸುವ ಬಗೆಯನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ದಾಖಲಿಸಿದ್ದಾನೆ. ಒಳ್ಳೆಯ ದಿನ ನೋಡಿ ಇಡೀ ಮಂದೆಯನ್ನು ಕೂಡಿಸುತ್ತಾರೆ. ಕರ್ಪೂರ ಹಚ್ಚಿ, ಬಾಳೆಹಣ್ಣು ಎಲೆಯಡಿಕೆ ಇಟ್ಟು, ಕಬ್ಬಿನ ಕಟ್ಟೊಂದನ್ನು ಮುಂದಿಡುತ್ತಾರೆ. ಮೊದಲು ಕಬ್ಬಿನ ಬಳಿ ಬಂದ ಹೋರಿಗೆ ಪಟ್ಟ.

ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಅದರೊಳಗಿನ ಎರಡು ಒಳ್ಳೆಯ ಗುಣಗಳು ಕಣ್ಣಿಗೆ ಬೀಳುವುದಿಲ್ಲ. ಇಡೀ ಮಂದೆ ಮುಂದೆ ಬರಬೇಕು. ಯಾವ ಹೋರಿಯನ್ನೂ ಕೊಟ್ಟಿಗೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಆರಿಸುವಾಗ ಯಾರ ಸ್ವಾರ್ಥವೂ ಅಡ್ಡ ಬರುವಂತಿಲ್ಲ. ಅಲ್ಲಿ ಇಲ್ಲದಿರುವುದು ಒಂದೇ: ಇದೇ ಯಾಕೆ ಎಂಬುದಕ್ಕೆ ಕಾರಣ.

ಈ ಭಾಗದ ಮನೆಗಳಲ್ಲಿ ಮದುವೆ, ಮನೆ, ಓದಿನ ವಿಷಯಕ್ಕೂ ಇಂಥದೇ ಒಂದು ದಾರಿಯಿದೆ. ಕೆಂಪು ಹೂವೊಂದನ್ನು, ಬಿಳಿ ಹೂವೊಂದನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ದೇವರ ಮುಂದಿಡುತ್ತಾರೆ. ಒಂದನ್ನು ಎತ್ತಿಕೊಡಲು ಚಿಕ್ಕ ಮಗುವನ್ನು ಕರೆಯುತ್ತಾರೆ. ಮಗುವೇ ಯಾಕೆಂದರೆ ಅದಕ್ಕೇನೂ ಗೊತ್ತಿಲ್ಲ. ಸಾವಿರ ವರ್ಷದ ಹಿಂದಿನ ಉತ್ತಿರಮೇರೂರಿನಲ್ಲೂ ಲೆಕ್ಕಾಚಾರ ಹೀಗೇ ಇತ್ತು. ಒಂದನೇ ಪರಾಂತಕ ಚೋಳನ ಕಾಲದ ಶಾಸನಗಳ ಪ್ರಕಾರ ಸಭೆಯ ಸಮಿತಿಗಳಿಗೆ ಆರಿಸುವಾಗ ಓಲೆಗರಿಯಲ್ಲಿ ಹೆಸರು ಬರೆದು ಕೊಡಕ್ಕೆ ಹಾಕುತ್ತಿದ್ದರು. ಏನೂ ಅರಿಯದ ಹುಡುಗನೊಬ್ಬ ಅದರಿಂದ ಓಲೆ ತೆಗೆಯುತ್ತಿದ್ದ. ಆದರೆ ಕೊಡದೊಳಗೆ ಎಲ್ಲರ ಹೆಸರೂ ಬೀಳುತ್ತಿರಲಿಲ್ಲ. ವಯಸ್ಸು, ಭೂಮಿ, ಓದು, ಹಿಂದಿನ ನಡತೆ ಎಲ್ಲವನ್ನೂ ತೂಗಿ ನೋಡಿದ ಮೇಲೆಯೇ ಓಲೆ ಬರೆಯುತ್ತಿದ್ದುದು. ಹುಡುಗನ ಪಾಲಿಗೆ ಉಳಿದದ್ದು ಕೈಯ ಕೆಲಸ ಮಾತ್ರ.

ನಮ್ಮ ಪರಂಪರೆಯಲ್ಲೇ ಇನ್ನೊಬ್ಬ ಹುಡುಗನೂ ಇದ್ದಾನೆ. ಕಠೋಪನಿಷತ್ತಿನ ನಚಿಕೇತ. ಯಮನೇ ಎದುರು ಕೂತು ಮಕ್ಕಳು ಮೊಮ್ಮಕ್ಕಳು, ದನ, ಆನೆ, ಚಿನ್ನ, ಕೇಳಿದಷ್ಟು ಆಯುಷ್ಯ ಎಲ್ಲವನ್ನೂ ಮುಂದೊಡ್ಡುತ್ತಾನೆ. ಹುಡುಗ ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳುವುದಿಲ್ಲ. ಇವು ಎಷ್ಟು ದಿನ ಬಾಳುತ್ತವೆ ಎಂಬ ಒಂದೇ ಅಳತೆಗೋಲು ಹಿಡಿದು, ಯಮ ಕೊಡಬಂದದ್ದನ್ನೂ ತಾನು ಕೇಳಿದ ಸಾವಿನ ರಹಸ್ಯವನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾನೆ. ಶ್ರೇಯಸ್ಸು, ಪ್ರೇಯಸ್ಸು ಎರಡೂ ಮನುಷ್ಯನ ಬಳಿಗೆ ಬರುತ್ತವೆ, ಧೀರನಾದವನು ಎರಡನ್ನೂ ಪರೀಕ್ಷಿಸಿ ಬೇರ್ಪಡಿಸುತ್ತಾನೆ ಎಂದು ಆಮೇಲೆ ಯಮನೇ ಹೇಳುವುದು ಈ ಹುಡುಗನನ್ನು ನೋಡಿ.

ಹಾಗಾದರೆ ಲೆಕ್ಕ ಹಾಕುವುದೆಂದರೆ ದೇವರ ಮೇಲೆ ನಂಬಿಕೆ ಇಲ್ಲವೆಂದೇ? ಹಿರಿಯರಲ್ಲಿ ಹಲವರಿಗೆ ಈ ಅಳುಕು ನಿಜವಾಗಿಯೂ ಇದೆ, ಅದಕ್ಕೆ ಮರ್ಯಾದೆಯ ಉತ್ತರ ಸಲ್ಲಬೇಕು. ಗೀತೆಯ ಹದಿನೆಂಟನೆಯ ಅಧ್ಯಾಯದ 63ನೇ ಶ್ಲೋಕದಲ್ಲಿ ಉತ್ತರವಿದೆ. ಅಷ್ಟೆಲ್ಲ ಬೋಧಿಸಿದ ಕೃಷ್ಣ, ಇದನ್ನು ಪೂರ್ತಿ ವಿಮರ್ಶಿಸಿ ನಿನಗೆ ಸರಿ ಕಂಡಂತೆ ಮಾಡು ಎಂದು ತೀರ್ಮಾನವನ್ನು ಅರ್ಜುನನಿಗೇ ಬಿಡುತ್ತಾನೆ. ದೇವರೇ ವಾಪಸು ಕೊಟ್ಟ ಕೆಲಸವನ್ನು ಹೂವಿನ ಪೊಟ್ಟಣದಲ್ಲಿ ಮತ್ತೆ ಅವನ ಮುಂದಿಡುವುದರಲ್ಲಿ ಭಕ್ತಿಗಿಂತ ಭಯವೇ ಹೆಚ್ಚು.

ತೇಣಿ, ದಿಂಡಿಗಲ್ ಜಿಲ್ಲೆಗಳ ಮಕ್ಕಳಿಗೆ ಹೀಗೆ ತೂಗಿ ನೋಡುವ ಪಾಠ ಪುಸ್ತಕದಲ್ಲೇ ಸಿಗುತ್ತದೆ. 2016ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ತಿರುಕ್ಕುರಳಿನ ಅರ, ಪೊರುಳ್ ಭಾಗಗಳ ಅಧಿಕಾರಗಳನ್ನು (ಅಧ್ಯಾಯಗಳನ್ನು) ಆರರಿಂದ ಹನ್ನೆರಡನೆಯ ತರಗತಿವರೆಗೆ ಕಲಿಸಬೇಕೆಂದು ಹೇಳಿತು. ಅದರಲ್ಲಿ 47ರಿಂದ 50ರವರೆಗಿನ ನಾಲ್ಕು ಅಧಿಕಾರಗಳನ್ನು ಒಟ್ಟಿಗೆ ಓದಿದರೆ ನಿರ್ಧಾರದ ಪೂರಾ ಶಾಸ್ತ್ರವೇ ಇದೆ: ವಿಚಾರಿಸಿ ಮಾಡುವುದು, ಬಲ ಅರಿಯುವುದು, ಕಾಲ ಅರಿಯುವುದು, ಸ್ಥಳ ಅರಿಯುವುದು. 461ನೆಯ ಕುರಳು ಕೈಬಿಟ್ಟು ಹೋಗುವುದೇನು, ಬರುವುದೇನು, ಮುಂದೆ ಉಳಿಯುವ ಲಾಭವೇನು ಎಂದು ಮೂರನ್ನೂ ನೋಡಲು ಹೇಳುತ್ತದೆ. ಮಕ್ಕಳು ಇವನ್ನು ಬಾಯಿಪಾಠ ಮಾಡಿ ಮಾರ್ಕು ತೆಗೆಯುತ್ತಾರೆ. ತಮ್ಮ ಬದುಕಿನ ಮೊದಲ ದೊಡ್ಡ ಆಯ್ಕೆಗೆ ಇದನ್ನೇ ಹಚ್ಚಿ ನೋಡಬಹುದೆಂದು ಯಾರಾದರೂ ತೋರಿಸಿಕೊಟ್ಟರೆ ತಾನೆ?

ಆ ಆಯ್ಕೆ ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ವಾರ ಎದುರಾಗುತ್ತದೆ. ಕಂಬಂ ಸರ್ಕಾರಿ ಶಾಲೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ತಾಯಿ ದಿನವೂ ನಸುಕಿನಲ್ಲಿ ಜೀಪು ಹತ್ತಿ, ಘಟ್ಟ ದಾಟಿ ಕೇರಳದ ಏಲಕ್ಕಿ ತೋಟಕ್ಕೆ ಕೂಲಿಗೆ ಹೋಗುತ್ತಾಳೆ. ಹುಡುಗಿಯ ಮುಂದೆ ಮೂರು ದಾರಿ: ಅದೇ ಶಾಲೆಯಲ್ಲಿ ಬಯೋ-ಮ್ಯಾತ್ಸ್ ಗ್ರೂಪ್, ಖಾಸಗಿ ಶಾಲೆಯಲ್ಲಿ ಅದೇ ಗ್ರೂಪ್, ಇಲ್ಲವೇ ಪಾಲಿಟೆಕ್ನಿಕ್. ಖಾಸಗಿ ಶಾಲೆಯೇ ಒಳ್ಳೆಯದೆಂದು ಮನೆಯವರ ಅಭಿಪ್ರಾಯ. ಹಾಳೆಯ ಮೇಲೆ ಗೆರೆ ಎಳೆದು ಬರೆಯಲು ಕೂತಾಗ ಬಾಯಿಮಾತಿನಲ್ಲಿ ಬಾರದ ಸಂಗತಿಗಳು ಹೊರಬರುತ್ತವೆ. ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಸೀಟಿನಲ್ಲಿ 2020ರಿಂದ ಶೇ 7.5 ಒಳಮೀಸಲಾತಿ ಇದೆ. ಮರುವರ್ಷ ಅದು ಎಂಜಿನಿಯರಿಂಗ್‌ಗೂ ಬಂತು. ಇಂಥ ಹುಡುಗಿಯರು ಮುಂದೆ ಓದಿದರೆ 2022ರಿಂದ ‘ಪುದುಮೈ ಪೆಣ್’ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ. ಪ್ಲಸ್ ಒನ್‌ಗೆ ಖಾಸಗಿ ಶಾಲೆ ಸೇರಿದರೆ ಎರಡೂ ಕೈತಪ್ಪುತ್ತವೆ. ಪಾಲಿಟೆಕ್ನಿಕ್‌ನಲ್ಲಿ ಬೇಗ ಕೆಲಸ, ಬೇಕೆಂದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶ. ಆದರೆ ಡಾಕ್ಟರ್ ಆಗುವ ದಾರಿ ದೂರ.

ಹೀಗೆ ಎರಡು ಕಾಲಂ ಬರೆಯುವ ರೂಢಿಯನ್ನು ಬೆಂಜಮಿನ್ ಫ್ರಾಂಕ್ಲಿನ್ 1772ರ ಸೆಪ್ಟೆಂಬರ್ 19ರಂದು ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಕಾಗದದಲ್ಲಿ ವಿವರಿಸಿದ್ದ. ಪರ-ವಿರೋಧಗಳನ್ನು ಮೂರು ನಾಲ್ಕು ದಿನ ಹೊಳೆದಂತೆ ಬರೆಯುತ್ತಾ ಹೋಗುವುದು, ಸಮತೂಕದವನ್ನು ಎರಡೂ ಕಡೆ ಹೊಡೆದು ಹಾಕುವುದು. ಆ ಕಾಗದದ ಸೊಗಸೆಂದರೆ, ಏನು ಮಾಡಬೇಕೆಂದು ಗೆಳೆಯನಿಗೆ ಅವನು ಹೇಳಲೇ ಇಲ್ಲ. ಹೇಗೆ ತೀರ್ಮಾನಿಸಬೇಕೆಂದಷ್ಟೇ ಹೇಳಿದ. ಮೇಷ್ಟ್ರುಗಳಿಗೆ ಬೇಕಾದ ಸಂಯಮವೂ ಇದೇ.

ಹಾಳೆಯಲ್ಲಿ ಎಲ್ಲವೂ ಹಿಡಿಯುವುದಿಲ್ಲ ಎಂಬುದೂ ನಿಜ. ತಾಯಿಯ ಸೊಂಟನೋವನ್ನು ಯಾವ ಕಾಲಂನಲ್ಲಿ ಬರೆಯುವುದು, ಅದಕ್ಕೆ ಎಷ್ಟು ತೂಕ ಕೊಡುವುದು? ಅದನ್ನು ಹದಿನೈದರ ಹುಡುಗಿಯ ತಲೆಗೆ ಕಟ್ಟಿ ‘ನೀನೇ ತೂಗು’ ಎನ್ನುವುದು ಕ್ರೂರ. ಆ ಸಾಲನ್ನು ತಾಯಿ ಮಗಳು ಕೂಡಿಯೇ ಬರೆಯಬೇಕು. ತೂಗಿದ ಮೇಲೂ ಎರಡು ದಾರಿ ಸಮವೆಂದೇ ಉಳಿದರೆ ಮನೆಯವರು ಹೂವು ಕೇಳಲಿ, ಅದರಲ್ಲಿ ತಪ್ಪೇನಿಲ್ಲ. ಉತ್ತಿರಮೇರೂರಿನವರು ಮಾಡಿದ್ದೂ ಅದೇ ಕ್ರಮದಲ್ಲಿ.

ಕುರಳಿನ ಪರೀಕ್ಷೆಗೆ ಒಂದು ಪ್ರಶ್ನೆ ಹೆಚ್ಚಿಗೆ ಸೇರಿಸಲು ಖರ್ಚೇನೂ ಇಲ್ಲ: ನಿನ್ನ ಮುಂದಿರುವ ಎರಡು ದಾರಿಗಳನ್ನು 461ನೆಯ ಕುರಳಿನಂತೆ ತೂಗಿ ಬರೆ, ನೀನು ಬಿಟ್ಟ ದಾರಿಯ ಒಳ್ಳೆಯದನ್ನೂ ಬರೆ. ಹತ್ತನೇ ಕ್ಲಾಸಿನ ಅರ್ಧವಾರ್ಷಿಕಕ್ಕೇ ಇದನ್ನು ಕೇಳಿದರೆ, ಗ್ರೂಪ್ ಆರಿಸುವ ಹೊತ್ತಿಗೆ ಮಕ್ಕಳ ಕೈಯಲ್ಲಿ ತಾವೇ ಬರೆದ ಹಾಳೆಯೊಂದು ಇರುತ್ತದೆ, ಅಪ್ಪ ಅಮ್ಮನ ಮುಂದೆ ಬಿಚ್ಚಿಟ್ಟು ಮಾತಾಡಲು ಐದಾರು ತಿಂಗಳ ಸಮಯವೂ ಸಿಗುತ್ತದೆ.