ಹೆಪ್ಪು ಕೊಟ್ಟ ಮನೆ

ಮುಖ ಊದಿಸಿಕೊಂಡು ಲೈಬ್ರರಿಗೆ ಹೋದ ಆ ಸಂಜೆ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಆಗ ನಾನು ಏಳನೇ ತರಗತಿಯ ಹುಡುಗ. ಮರದ ಪೊಟರೆಯಲ್ಲಿ ಕಟ್ಟಿದ್ದ ತುಡುವೆ ಜೇನಿಗೆ ಕೈ ಹಾಕಿ, ಕಣ್ಣು ಮುಚ್ಚಿಹೋಗುವಷ್ಟು ಕಚ್ಚಿಸಿಕೊಂಡಿದ್ದೆ. ಮನೆಯಲ್ಲಿ ಬೈಗುಳ ಬೀಳುತ್ತದೆಂದು ಕತ್ತಲಾಗುವವರೆಗೆ ಕೂರಲು ಜಾಗ ಹುಡುಕುತ್ತಿದ್ದವನಿಗೆ ಸಿಕ್ಕಿದ್ದು ಊರಿನ ಗ್ರಂಥಾಲಯ. ಗ್ರಂಥಾಲಯವೆಂದರೆ ಒಂದು ಬಾಡಿಗೆ ಮನೆಯ ಮುಂದಿನ ಕೋಣೆ, ನಾಲ್ಕು ಕಬ್ಬಿಣದ ಬೀರು, ಪೇಪರ್ ಓದಲು ಒಂದು ಉದ್ದನೆಯ ಮೇಜು.

"ಏನೋ ಇದು ಮುಖ?" ಎಂದರು ಗ್ರಂಥಪಾಲಕರು.

"ಜೇನು ಕಚ್ಚಿತು ಸಾರ್."

"ಹೆಜ್ಜೇನಾ?"

"ಅಲ್ಲ ಸಾರ್, ತುಡುವೆ."

ಅವರು ಬೈಯಲಿಲ್ಲ. ಎದ್ದುಹೋಗಿ ಬೀರು ತೆರೆದು ಒಂದು ಪುಸ್ತಕ ತಂದು ನನ್ನ ಮುಂದಿಟ್ಟರು. "ತಗೊಂಡು ಹೋಗು. ಇದರಲ್ಲೂ ಜೇನಿದೆ" ಎಂದರು. ಅದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಆ ಕಾದಂಬರಿ ಏನು, ಎಂಥದು, ನನಗೇನೂ ಗೊತ್ತಿರಲಿಲ್ಲ. ಮೂಡಿಗೆರೆಯ ಕಾಡು, ಜೇನಿನ ಮಂದಣ್ಣ, ಹಾರುವ ಓತಿಯನ್ನು ಅರಸುವ ವಿಜ್ಞಾನಿ, ಇವರೆಲ್ಲ ಅಂದು ರಾತ್ರಿಯೇ ನಮ್ಮ ಮನೆಗೆ ಬಂದುಬಿಟ್ಟರು. ಪುಸ್ತಕ ಹಿಂದಿರುಗಿಸಲು ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲೆಲ್ಲಿ ನಗು ಬಂತು?" ನೀತಿ ಏನು, ಏನು ಕಲಿತೆ ಎಂದು ಕೇಳಿದ್ದರೆ ಬಹುಶಃ ನಾನು ಮತ್ತೆ ಆ ಮೆಟ್ಟಿಲು ಹತ್ತುತ್ತಿರಲಿಲ್ಲ.

ಇಂದು ಆ ಸಂಜೆಯನ್ನು ನೆನೆದಾಗ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ಇದು ಒಳ್ಳೆಯ ಪುಸ್ತಕ, ಎಲ್ಲರೂ ಓದಲೇಬೇಕಾದದ್ದು ಎಂದು ಅವರು ಹೇಳಲಿಲ್ಲ. ಅವರು ನನ್ನ ಊದಿದ ಮುಖ ನೋಡಿದರು. ಆಮೇಲೆ ಬೀರುವಿನ ಕಡೆ ಹೋದರು. ಪುಸ್ತಕ ಸೂಚಿಸುವ ವಿದ್ಯೆಯೆಲ್ಲ ಆ ಕ್ರಮದಲ್ಲಿದೆ: ಮೊದಲು ಮುಖ, ಆಮೇಲೆ ಬೀರು.

ನಮ್ಮ ಮನೆಗಳಲ್ಲಿ ಹೆಪ್ಪು ಕೇಳಿ ತರುವ ಪದ್ಧತಿಯಿತ್ತು. ಒಂದು ದಿನ ಮೊಸರು ಪೂರ್ತಿ ಖರ್ಚಾಗಿ ಹೆಪ್ಪಿಗೂ ಉಳಿಯದಿದ್ದರೆ ಪಕ್ಕದ ಮನೆಗೆ ಲೋಟ ಹಿಡಿದು ಓಡುತ್ತಿದ್ದೆವು. ಒಂದು ಚಮಚ ಕೊಟ್ಟವರ ಮನೆಯಲ್ಲಿ ಮೊಸರು ಕಡಿಮೆಯಾಗುತ್ತಿರಲಿಲ್ಲ. ನಾಳೆ ಅವರ ಮನೆಯದೇ ಮುಗಿದರೆ ನಮ್ಮ ಮನೆಯಲ್ಲಿ ಅವರದೇ ಮೊಸರಿನ ಸಂತಾನ ಸಿದ್ಧವಾಗಿರುತ್ತಿತ್ತು. ಪುಸ್ತಕದ ಬಾಳೂ ಹೀಗೆಯೇ. ಕೊಟ್ಟ ಮನೆಗಳ ಲೆಕ್ಕದಲ್ಲಿ ಅದರ ಆಯುಸ್ಸಿದೆ.

ಇದು ಬರಿಯ ಹೋಲಿಕೆಯ ಮಾತಲ್ಲ ಎನ್ನುವುದಕ್ಕೆ ಕನ್ನಡದ ಚರಿತ್ರೆಯಲ್ಲೇ ಸಾಕ್ಷಿಯಿದೆ. ಹತ್ತನೆಯ ಶತಮಾನದಲ್ಲಿ ವೆಂಗಿ ನಾಡಿನ ಮಲ್ಲಪ, ಪುನ್ನಮಯ್ಯ ಎಂಬ ಸಹೋದರರು ತಮ್ಮ ಗುರು ಜಿನಚಂದ್ರದೇವರ ನೆನಪಿಗೆ ಕವಿ ಪೊನ್ನನಿಂದ 'ಶಾಂತಿಪುರಾಣ' ಬರೆಸಿದರು. ಮಲ್ಲಪನ ಮಗಳು ಅತ್ತಿಮಬ್ಬೆ. ತನ್ನ ತಂದೆ ಬರೆಸಿದ ಆ ಕಾವ್ಯಕ್ಕೆ ಆಕೆ ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಓಲೆಗರಿಯನ್ನು ಹದಮಾಡಿ, ಸಮನಾಗಿ ಕತ್ತರಿಸಿ, ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಮಸಿ ತುಂಬಿ ಒರೆಸಿ, ದಾರ ಪೋಣಿಸಿ ಕಟ್ಟಬೇಕು. ಒಂದು ಪ್ರತಿಗೆ ಎಷ್ಟು ದಿನ, ಎಷ್ಟು ಬೆರಳುಗಳ ನೋವು! ಅಂಥದನ್ನು ಸಾವಿರ ಸಲ ಮಾಡಿಸಿದ ಹೆಣ್ಣುಮಗಳು ಆಕೆ. ಗಂಡ ನಾಗದೇವನನ್ನು ಕಳೆದುಕೊಂಡ ಮೇಲೂ ಕುಗ್ಗದೆ ಬಾಳಿದವಳು. ರನ್ನನಿಂದ 'ಅಜಿತಪುರಾಣ' ಬರೆಸಿದವಳೂ ಆಕೆಯೇ. ಆಕೆ ಕಟ್ಟಿಸಿದ ಬಸದಿ ಇಂದಿಗೂ ಗದಗದ ಹತ್ತಿರ ಲಕ್ಕುಂಡಿಯಲ್ಲಿದೆ. ಜನ ಆಕೆಯನ್ನು ದಾನಚಿಂತಾಮಣಿ ಎಂದರು.

ಜೈನರು ಹೇಳುವ ನಾಲ್ಕು ದಾನಗಳಲ್ಲಿ ಅನ್ನ, ಔಷಧ, ಅಭಯಗಳ ಜೊತೆಯಲ್ಲಿ ಶಾಸ್ತ್ರವೂ ಒಂದು. ಹಸಿದವನಿಗೆ ಊಟ, ರೋಗಿಗೆ ಮದ್ದು, ಹೆದರಿದವನಿಗೆ ಧೈರ್ಯ, ಅದೇ ಸಾಲಿನಲ್ಲಿ ಓದುವವನಿಗೆ ಪುಸ್ತಕ. ಹೀಗೆ ಒಂದೇ ಪಂಕ್ತಿಯಲ್ಲಿ ಕೂರಿಸಿದವರಿಗೆ ಪುಸ್ತಕವೆಂಬುದು ಬಿಡುವಿನ ವೇಳೆಯ ಸಂಗತಿಯಾಗಿರಲಿಲ್ಲ.

ಈಗ ಇನ್ನೊಂದು ಮುಖ ನೋಡಿ. ಅದೇ ಪೊನ್ನ 'ಭುವನೈಕರಾಮಾಭ್ಯುದಯ' ಎಂಬ ಮತ್ತೊಂದು ಕಾವ್ಯ ಬರೆದಿದ್ದ. ಅದು ಇಡಿಯಾಗಿ ನಮಗೆ ಸಿಕ್ಕಿಲ್ಲ. ಕವಿ ಒಬ್ಬನೇ, ಕಾಲ ಒಂದೇ, ಗೆದ್ದಲೂ ಮಳೆಯೂ ಬೆಂಕಿಯೂ ಎರಡಕ್ಕೂ ಒಂದೇ. ಸಾವಿರ ಮನೆಗೆ ಹೋದದ್ದು ಸಾವಿರ ವರ್ಷ ದಾಟಿ ಬಂತು. ಹಂಚಿದ್ದರಿಂದಲೇ ಅದು ಉಳಿಯಿತು ಎಂದು ತೀರ್ಪು ಕೊಡಲಾರೆ. ಆದರೆ 'ಶಾಂತಿಪುರಾಣ'ವನ್ನು ಕೈಗೆತ್ತಿಕೊಂಡಾಗಲೆಲ್ಲ ಹೆಪ್ಪು ಕೊಟ್ಟ ಆ ಕೈ ನನಗೆ ನೆನಪಾಗುತ್ತದೆ.

ಸುಮಾರು ಒಂಬೈನೂರು ವರ್ಷ ಈಚೆಗೆ ಬಂದರೆ ಗಳಗನಾಥರು ಕಾಣುತ್ತಾರೆ. 1869ರಲ್ಲಿ ಹುಟ್ಟಿದ ಈ ಶಾಲಾ ಮಾಸ್ತರರ ನಿಜ ಹೆಸರು ವೆಂಕಟೇಶ ತಿರಕೊ ಕುಲಕರ್ಣಿ. ಶಾಲೆಯಲ್ಲೂ ಕಚೇರಿಯಲ್ಲೂ ಮರಾಠಿಯ ಸದ್ದೇ ಜೋರಾಗಿದ್ದ ಉತ್ತರ ಕರ್ನಾಟಕದಲ್ಲಿ ಅವರು ಕನ್ನಡ ಕಾದಂಬರಿ ಬರೆದರು. ಬರೆದು ಸುಮ್ಮನೆ ಕೂರಲಿಲ್ಲ, ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮನೆಮನೆಗೆ ಮುಟ್ಟಿಸಿದರು. ಓದುಗರಿದ್ದಲ್ಲಿ ಪುಸ್ತಕ ಮಾರುವುದು ವ್ಯಾಪಾರ. ಪುಸ್ತಕ ಹೊತ್ತು ಹೋಗಿ ಓದುಗರನ್ನೇ ಬೆಳೆಸುವುದು ಬೇಸಾಯ. ಅವರು ಮಾಡಿದ್ದು ಬೇಸಾಯ. ಮುಂದೆ 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಹುಟ್ಟಿತು. ಜಿ. ಬಿ. ಜೋಶಿಯವರು ಅದಕ್ಕೆ ಚಂದಾದಾರರನ್ನು ಕೂಡಿಸಿದರು. ಯಾವ ಪುಸ್ತಕ ಬರುತ್ತದೆಂದು ತಿಳಿಯುವ ಮೊದಲೇ ಜನ ಹಣ ಕೊಟ್ಟರೆಂದರೆ, ಅವರು ನಂಬಿದ್ದು ಆ ವ್ಯಕ್ತಿಯ ಆಯ್ಕೆಯನ್ನು. ಪುಸ್ತಕ ಸೂಚಿಸುವವನ ಬಂಡವಾಳ ಇಂಥ ನಂಬಿಕೆಯೇ. ಒಮ್ಮೆ ಮುಖಸ್ತುತಿಗೋ ಸ್ನೇಹದ ಹಂಗಿಗೋ ಸಾಧಾರಣವಾದದ್ದನ್ನು ಹೊಗಳಿದೆವೋ, ಮುಂದೆ ನಾವು ಹೇಳುವ ನಿಜವೂ ಯಾರಿಗೂ ರುಚಿಸುವುದಿಲ್ಲ.

ದೊಡ್ಡವರ ಮಾತು ಬಿಡಿ. ನಮ್ಮ ಬೀದಿಯ ಹೆಂಗಸರೇನು ಕಡಿಮೆಯೇ? ವಾರಪತ್ರಿಕೆ ಒಂದು ಮನೆಗೆ ಬಂದರೆ ಇಡೀ ಬೀದಿಗೆ ಬಂದ ಹಾಗೆ. ಧಾರಾವಾಹಿಯ ಪುಟಗಳನ್ನು ಜೋಪಾನವಾಗಿ ಬಿಡಿಸಿಟ್ಟು, ಕಂತುಗಳೆಲ್ಲ ಮುಗಿದ ಮೇಲೆ ಗೋಣಿ ಹೊಲಿಯುವ ದಬ್ಬಣದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಅಂಟಿಸಿ ಪುಸ್ತಕ ಮಾಡುತ್ತಿದ್ದರು. ತ್ರಿವೇಣಿ, ಎಂ. ಕೆ. ಇಂದಿರಾ ಅವರ ಕಾದಂಬರಿಗಳು ಒಲೆಯ ಬದಿಯಿಂದ ಬಾವಿಕಟ್ಟೆಗೆ, ಅಲ್ಲಿಂದ ಬಾಣಂತಿಯ ಕೋಣೆಗೆ ಹೋಗಿಬರುತ್ತಿದ್ದವು. "ಓದಿ ನೋಡೇ, ನಮ್ಮತ್ತಿಗೆ ಕಥೆನೇ ಬರ್ದಂಗಿದೆ" ಎಂಬ ಒಂದು ಮಾತಿಗಿಂತ ಒಳ್ಳೆಯ ಮುನ್ನುಡಿಯನ್ನು ನಾನು ಎಲ್ಲೂ ಓದಿಲ್ಲ.

ಇಷ್ಟೆಲ್ಲ ಬಲ್ಲ ನಾನೂ ಒಮ್ಮೆ ತಪ್ಪಿದ್ದೇನೆ. ಗೆಳೆಯರೊಬ್ಬರು ಶಸ್ತ್ರಚಿಕಿತ್ಸೆಯಾಗಿ ಮನೆಯಲ್ಲಿ ಮಲಗಿದ್ದರು. ನನಗೆ ಪ್ರಾಣವಾದ, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕೊಂಡು ಅವರಿಗೆ ಕೊಟ್ಟುಬಂದೆ. ಹದಿನೈದು ದಿನ ಬಿಟ್ಟು ಹೋದರೆ ಅವರು ಸಂಕೋಚದಿಂದ ಹೇಳಿದರು: "ಎತ್ತಿ ಹಿಡಿಯೋಕೆ ಆಗಲ್ಲ ಮಾರಾಯ, ಹೊಲಿಗೆ ಎಳೆಯುತ್ತೆ." ನಾನು ತಲೆ ತಗ್ಗಿಸಿದೆ. ಮಲಗಿದವರ ಕೈಗೆ ಆ ಗಾತ್ರದ ಪುಸ್ತಕ ಕೊಡುವಾಗ ನಾನು ನೋಡಿದ್ದು ನನ್ನ ಇಷ್ಟವನ್ನು, ಅವರ ಕೈಯನ್ನಲ್ಲ. ಮರುದಿನ ಮಾಸ್ತಿಯವರ ಸಣ್ಣಕಥೆಗಳ ತೆಳ್ಳನೆಯ ಪುಸ್ತಕವೊಂದನ್ನು ಒಯ್ದೆ. ಒಂದು ಸಲಕ್ಕೆ ಒಂದು ಕಥೆ, ಸಾಕೆನಿಸಿದರೆ ಎದೆಯ ಮೇಲಿಟ್ಟು ನಿದ್ದೆ.

ಆದರೆ ಕುವೆಂಪು ಅವರ ಕಾದಂಬರಿಯನ್ನು ಹಿಂದಕ್ಕೆ ತರಲು ಆಗಲಿಲ್ಲ. ಗೆಳೆಯರ ಮನೆಯಾಕೆ ತೀರ್ಥಹಳ್ಳಿ ಕಡೆಯವರು. ಗಂಡನ ಮಂಚದ ಬಳಿ ಕುಳಿತು ರಾತ್ರಿಯೆಲ್ಲ ಅದನ್ನು ಓದುತ್ತಿದ್ದರು. "ನಮ್ಮಜ್ಜಿ ಮಾತಾಡಿದಂಗೇ ಇದೆ. ಇದೊಂದು ಇಲ್ಲೇ ಇರಲಿ ಅಣ್ಣ" ಎಂದರು. ಆಸ್ಪತ್ರೆ, ಮಾತ್ರೆ, ಖರ್ಚು ಎಂದು ಎರಡು ತಿಂಗಳಿಂದ ಬಳಲಿದ್ದ ಆಕೆಯ ಮುಖವನ್ನು ನಾನು ಮೊದಲ ದಿನ ಗಮನಿಸಿಯೇ ಇರಲಿಲ್ಲ. ಪುಸ್ತಕವೇ ತನ್ನ ಓದುಗರನ್ನು ಹುಡುಕಿಕೊಂಡಿತ್ತು.

ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಪ್ರತಿ ಓದುಗನಿಗೂ ಅವನದೇ ಪುಸ್ತಕವಿದೆ, ಪ್ರತಿ ಪುಸ್ತಕಕ್ಕೂ ಅದರದೇ ಓದುಗನಿದ್ದಾನೆ ಎಂಬ ಆಶಯದ ಎರಡು ಸೂತ್ರಗಳು ಅವುಗಳಲ್ಲಿವೆ. ಬಾಳಿನ ಕೊನೆಯ ವರ್ಷಗಳನ್ನು ಅವರು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿಯೇ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಗೆ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಗೆಳೆಯರ ಮನೆಯ ಆ ದೃಶ್ಯ ನೋಡಿದಂದಿನಿಂದ ಅವರ ಆ ಎರಡು ಸೂತ್ರಗಳು ನನಗೆ ಶಾಸ್ತ್ರವಾಗಿ ಕಾಣುವುದಿಲ್ಲ, ಮಂಚದ ಪಕ್ಕದ ದೀಪವಾಗಿ ಕಾಣುತ್ತವೆ.

ಇಂದು ಪುಸ್ತಕಕ್ಕೆ ಬರವಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಆರಂಭಿಸಿದರು. ಇದೆಲ್ಲ ಸಂತೋಷದ ಸಂಗತಿ. ಆದರೆ ಕಪಾಟಿನ ಮುಂದೆ ನಿಂತ ಮಗುವಿಗೆ ನೂರು ಬೆನ್ನುಪಟ್ಟಿಗಳು ಒಂದೇ ತೆರನಾಗಿ ಕಾಣುತ್ತವೆ. ಅಲ್ಲಿ ಬೇಕಾದದ್ದು "ಇದರಲ್ಲೂ ಜೇನಿದೆ" ಎನ್ನುವ ಒಂದು ದನಿ. ಆ ದನಿಗೆ ಸಂಬಳವಿರಬೇಕೆಂದೇನಿಲ್ಲ. ಊರಿನ ನಿವೃತ್ತ ಶಿಕ್ಷಕಿಯದಾಗಬಹುದು, ಕಾಲೇಜಿಗೆ ಹೋಗುವ ಅಕ್ಕನದಾಗಬಹುದು, ನಿಮ್ಮದೂ ಆಗಬಹುದು.

ಕೊಡುವುದಕ್ಕೂ ಒಂದು ನಡತೆಯಿದೆ. ಕಥೆಯನ್ನೆಲ್ಲ ಹೇಳಿ ಮುಗಿಸಬೇಡಿ, ನೀವು ಎಲ್ಲಿ ತಡೆದು ನಿಂತಿರೋ ಅದನ್ನಷ್ಟೇ ಹೇಳಿ. ವಾರಕ್ಕೊಮ್ಮೆ "ಓದಿದೆಯಾ?" ಎಂದು ಸಾಲಗಾರನಂತೆ ಬಾಗಿಲು ಬಡಿಯಬೇಡಿ. ಇಷ್ಟವಾಗದಿದ್ದರೆ ಅರ್ಧಕ್ಕೇ ಹಿಂದೆ ಕೊಡುವ ಹಕ್ಕನ್ನು ಪುಸ್ತಕದ ಜೊತೆಗೇ ಕೊಡಿ. ಪರರ ಕೈ ಸೇರಿದ ಪುಸ್ತಕ ಹೋಯಿತೆಂದೇ ಲೆಕ್ಕ ಎಂಬ ಅರ್ಥದ ಹಳೆಯ ಸುಭಾಷಿತವೊಂದಿದೆ. ಅದರ ಅನುಭವ ನನಗೂ ಉಂಟು. ಹಾಗಾಗಿ ಬಹಳ ಇಷ್ಟವಾದದ್ದಕ್ಕೆ ಎರಡು ಪ್ರತಿ ಕೊಳ್ಳುತ್ತೇನೆ, ಒಂದು ಇಡಲು, ಒಂದು ಬಿಟ್ಟುಕೊಡಲು. ಮತ್ತೊಂದು ಮಾತು: ಕೊಡುವವರು ಕೇಳಿಸಿಕೊಳ್ಳಲೂ ಬೇಕು. ನಮಗಿಂತ ಚಿಕ್ಕವರು ತಂದುಕೊಟ್ಟ ಪುಸ್ತಕವನ್ನು "ಈಗಿನವರದೇನು" ಎಂದು ಬದಿಗಿಟ್ಟರೆ ನಮ್ಮ ಮನೆಯ ಮೊಸರು ಹುಳಿಯಾಗುತ್ತಾ ಹೋಗುತ್ತದೆ.

ಹೋದ ತಿಂಗಳು ತಮ್ಮನ ಮನೆಗೆ ಹೋಗಿದ್ದೆ. ಒಂಬತ್ತನೇ ತರಗತಿಯ ಅವನ ಮಗಳು ಒಳಗಿನಿಂದ ಓಡಿ ಬಂದಳು. "ದೊಡ್ಡಪ್ಪ, ಇದನ್ನ ಓದಿದ್ದೀರಾ? ಓದಲೇಬೇಕು. ಹಾರೋ ಓತಿ ಬರುತ್ತೆ!" ಎಂದು ಹೊಸ ಮುದ್ರಣದ 'ಕರ್ವಾಲೊ' ಚಾಚಿದಳು. ನನ್ನ ಪ್ರತಿ ಯಾರ ಮನೆಗೋ ಹೋಗಿ ಹತ್ತಾರು ವರ್ಷವಾಗಿದೆ. "ಓದಿದ್ದೆ ಮಗಳೇ, ಬಹಳ ಮರೆತಿದ್ದೀನಿ. ಕೊಡು" ಎಂದೆ. ಬಸ್ಸಿನಲ್ಲಿ ಕೂತು ಓದುತ್ತಾ ಓದುತ್ತಾ ಊರು ಬಂದದ್ದೇ ತಿಳಿಯಲಿಲ್ಲ. ಈ ಸಲ ನಗು ಬಂದದ್ದು ಬೇರೆ ಬೇರೆ ಜಾಗಗಳಲ್ಲಿ. ಅದನ್ನು ಕೇಳಲು ಆ ಗ್ರಂಥಪಾಲಕರು ಈಗಿಲ್ಲ.

ನಾಳೆ ಆ ಪುಸ್ತಕವನ್ನು ಹಿಂದಿರುಗಿಸಬೇಕು. ಬೇರೆಯವರ ಪಾತ್ರೆಯನ್ನು ಬರಿದಾಗಿ ಕಳಿಸಬಾರದೆನ್ನುವುದು ನಮ್ಮ ಅಮ್ಮಂದಿರ ನಿಯಮ. ಮೇಜಿನ ಮೇಲೆ 'ಕರ್ವಾಲೊ' ಇದೆ. ಆ ಹುಡುಗಿಯ ಮುಖವನ್ನು ನೆನಪಿಸಿಕೊಳ್ಳುತ್ತಾ, ಜೊತೆಗೆ ಯಾವುದನ್ನು ಇಡಲಿ ಎಂದು ಬೀರುವಿನ ಮುಂದೆ ನಿಂತಿದ್ದೇನೆ.