ಬೀಳ್ಕೊಡುವ ಮಾತು

ಬೀಳ್ಕೊಡುಗೆಯ ಭಾಷಣ ಮಾಡುವುದರಲ್ಲಿ ನನಗೆ ತಕ್ಕಮಟ್ಟಿನ ಹೆಸರಿದೆ. ಕಾಲೇಜಿನಲ್ಲಿ ಯಾರೇ ನಿವೃತ್ತರಾಗಲಿ, ಯಾರಿಗೇ ವರ್ಗವಾಗಲಿ, ಕನ್ನಡದ ಅಧ್ಯಾಪಕನೆಂಬ ಕಾರಣಕ್ಕೆ ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ನಿಜ ಹೇಳಬೇಕೆಂದರೆ ಇಷ್ಟು ವರ್ಷಗಳಲ್ಲಿ ನಾನು ಮಾಡಿರುವುದು ಒಂದೇ ಭಾಷಣ. ಹೆಸರು ಮಾತ್ರ ಬದಲಾಗುತ್ತದೆ. ಹೋಗುವವರೆಲ್ಲ ಸರಳಜೀವಿಗಳು, ಅಜಾತಶತ್ರುಗಳು. ಅವರಿಂದ ತೆರವಾದ ಸ್ಥಾನ ತುಂಬಲಾರದ್ದು. ಮರುದಿನವೇ ಆ ಸ್ಥಾನದಲ್ಲಿ ಇನ್ನೊಬ್ಬರು ಕುಳಿತಿರುತ್ತಾರೆ.

ಕಳೆದ ವರ್ಷ ಮೇ ತಿಂಗಳಲ್ಲಿ ಈ ಕಲೆ ನನಗೆ ಕೈಕೊಟ್ಟಿತು.

ನಮ್ಮ ಬೀದಿಯ ಕೊನೆಗೆ ಒಂದು ಚಿಕ್ಕ ಚರ್ಚಿದೆ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು ಆರಂಭಿಸಿದ ಕೆಲಸದ ಕವಲುಗಳಲ್ಲಿ ಅದೂ ಒಂದು. ಈಗ ದಕ್ಷಿಣ ಭಾರತ ಸಭೆಗೆ ಸೇರಿದ್ದು. ಅಲ್ಲಿಯ ಸಭಾಪಾಲಕರಿಗೆ ಬೇರೆ ಊರಿಗೆ ವರ್ಗವಾಗಿತ್ತು. ನಾನು ಕ್ರೈಸ್ತನಲ್ಲ. ಆದರೂ ಸಭಾಹಿರಿಯರೊಬ್ಬರು ಮನೆಗೆ ಬಂದು, “ಸರ್, ನೆರೆಯವರ ಪರವಾಗಿ ನೀವು ನಾಲ್ಕು ಮಾತು ಆಡಬೇಕು” ಎಂದರು. ಸಂತೋಷದಿಂದ ಒಪ್ಪಿಕೊಂಡೆ.

ಒಪ್ಪಿಕೊಳ್ಳಲು ಕಾರಣವಿತ್ತು. ನನ್ನ ತಂದೆ ಪಾರ್ಶ್ವವಾಯುವಿನಿಂದ ಏಳು ತಿಂಗಳು ಹಾಸಿಗೆ ಹಿಡಿದಿದ್ದರು. ಆಗ ಈ ಅಯ್ಯನವರು ವಾರಕ್ಕೆರಡು ಸಂಜೆ ಬಂದು ಅವರ ಪಕ್ಕದಲ್ಲಿ ಕುಳಿತು ಪತ್ರಿಕೆ ಓದಿ ಹೇಳುತ್ತಿದ್ದರು. ಧರ್ಮದ ಮಾತು ತೆಗೆದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಮಳೆ, ಹತ್ತಿಯ ಧಾರಣೆ, ಹಳೆಯ ಕುಸ್ತಿಗಳು, ಇವೇ ಅವರ ಮಾತು. ತಂದೆ ತೀರಿಕೊಂಡು ಮೂರು ವರ್ಷವಾಗಿದ್ದರೂ ನಾನು ಅವರಿಗೆ ಒಂದು ಕೃತಜ್ಞತೆಯ ಮಾತು ಹೇಳಿರಲಿಲ್ಲ. ದಿನವೂ ಕಣ್ಣೆದುರಿಗೆ ಇರುವವರಿಗೆ ಇವತ್ತೇ ಹೇಳಬೇಕೆಂದೇನು ಎಂಬ ಸೋಮಾರಿತನ.

ಸಭೆಯಲ್ಲಿ ಎದ್ದು ನಿಂತಾಗಲೂ ಅದನ್ನು ಹೇಳಲಿಲ್ಲ! ನಾಲಗೆಗೆ ಬಂದದ್ದು ಆ ಹಳೆಯ ಭಾಷಣವೇ: ಕರುಣಾಮಯಿ, ಸೇವಾಧುರೀಣ, ಸೌಜನ್ಯಮೂರ್ತಿ. ಜನ ಚಪ್ಪಾಳೆ ತಟ್ಟಿದರು. ನಾನು ಕುಳಿತುಕೊಂಡೆ. ನನ್ನ ನಂತರ ಒಬ್ಬ ಮುದುಕಿ ಎದ್ದು, ಮೈಕಿನ ಹತ್ತಿರ ಹೋಗದೆ ಇದ್ದಲ್ಲಿಂದಲೇ ಹೇಳಿದಳು: “ಅಯ್ಯನವರ, ನನ್ನ ಮಗ ಒಳಗಿದ್ದಾಗ ನೀವು ಆರು ಸಲ ಹೋಗಿ ಅವನ್ನ ನೋಡಿ ಬಂದ್ರಿ. ನಾ ಲೆಕ್ಕ ಇಟ್ಟೀನ್ರಿ.” ಅಷ್ಟೇ. ಆಕೆ ಕುಳಿತ ಮೇಲೆ ಚಪ್ಪಾಳೆ ಬೀಳಲಿಲ್ಲ. ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು.

ಆ ರಾತ್ರಿ ನನಗೆ ಒಂದು ವಿಷಯ ಹೊಳೆಯಿತು. ಹೊಗಳಿಕೆ ಬೇರೆ, ಕೃತಜ್ಞತೆ ಬೇರೆ. ಹೊಗಳುವವನು ಮೇಲೆ ಕುಳಿತಿರುತ್ತಾನೆ. ಉತ್ತರಪತ್ರಿಕೆ ನೋಡುವ ನನ್ನ ಹಾಗೆ ಅಂಕ ಕೊಡುತ್ತಾನೆ. ಕೃತಜ್ಞತೆ ಹೇಳುವವನು ಕೆಳಗಿಳಿದು ಬರಬೇಕು. ‘ನನಗೆ ಬೇಕಾಗಿತ್ತು, ನೀವು ಕೊಟ್ಟಿರಿ’ ಎಂದು ನಾಲ್ಕು ಜನರೆದುರು ಒಪ್ಪಿಕೊಳ್ಳಬೇಕು. ಮಗ ಸೆರೆಮನೆಯಲ್ಲಿದ್ದನೆಂದು ಹೇಳಲು ಆ ತಾಯಿ ನಾಚಲಿಲ್ಲ. ತಂದೆಯ ಪಕ್ಕದಲ್ಲಿ ಕುಳಿತುಕೊಳ್ಳಲು ನನಗೆ ಬಿಡುವಿರಲಿಲ್ಲವೆಂದು ಹೇಳಲು ನಾನು ನಾಚಿದೆ.

ಕ್ರೈಸ್ತರ ಗ್ರಂಥದಲ್ಲಿಯೇ ಒಂದು ಬೀಳ್ಕೊಡುಗೆಯಿದೆ. ಅಪೊಸ್ತಲರ ಕೃತ್ಯಗಳ ಇಪ್ಪತ್ತನೆಯ ಅಧ್ಯಾಯ. ಯೆರೂಸಲೇಮಿಗೆ ಹೊರಟ ಪೌಲನು ಮಿಲೇತವೆಂಬ ರೇವಿನಲ್ಲಿ ಇಳಿದು ಎಫೆಸದ ಹಿರಿಯರನ್ನು ಕರೆಸಿಕೊಳ್ಳುತ್ತಾನೆ. ಅಲ್ಲಿ ಸನ್ಮಾನವಿಲ್ಲ. ಹೋಗುವವನೇ ತನ್ನ ಲೆಕ್ಕ ಒಪ್ಪಿಸುತ್ತಾನೆ: ಯಾರ ಬೆಳ್ಳಿಬಂಗಾರಕ್ಕೂ ಆಸೆಪಡಲಿಲ್ಲ, ಕೈಯಾರೆ ದುಡಿದು ಉಂಡೆ. ಇನ್ನು ಮುಂದೆ ಮಂದೆಯನ್ನು ಕಾಯುವವರು ನೀವು ಎನ್ನುತ್ತಾನೆ. ಇನ್ನು ಅವನ ಮುಖ ಕಾಣಲಾರೆವೆಂದು ಹಿರಿಯರು ಕೊರಳು ತಬ್ಬಿ ಅಳುತ್ತಾರೆ. ಹಡಗಿನವರೆಗೂ ಜೊತೆಗೆ ಹೋಗುತ್ತಾರೆ. ಅವರಾಡಿದ ಒಂದು ಮಾತನ್ನೂ ಗ್ರಂಥಕಾರ ಬರೆದಿಲ್ಲ.

ಹಡಗಿನವರೆಗೆ ಹೋದರು, ಹಡಗನ್ನು ಹಿಡಿದು ನಿಲ್ಲಿಸಲಿಲ್ಲ. ಇದು ಮುಖ್ಯ. ನಮ್ಮ ಬೀದಿಯ ಚರ್ಚಿನಲ್ಲಿಯೂ ಕೆಲವರು ವರ್ಗವನ್ನು ರದ್ದುಪಡಿಸಬೇಕೆಂದು ಬಿಷಪರಿಗೆ ಅರ್ಜಿ ಬರೆದು ಸಹಿ ಸಂಗ್ರಹಿಸಿದ್ದರಂತೆ. ಅಯ್ಯನವರು ಅದನ್ನು ಕಳಿಸಗೊಡಲಿಲ್ಲ. ಅರ್ಜಿಯಲ್ಲಿ ಪ್ರೀತಿಯಿತ್ತು, ಸಂದೇಹವಿಲ್ಲ. ಆದರೆ ಆ ಪ್ರೀತಿ ಹಗ್ಗವಾಗಿತ್ತು.

ಈ ಹಗ್ಗ ದೊಡ್ಡವರ ಕಾಲಿಗೂ ತೊಡಕುತ್ತದೆ. ಹದಿನಾರನೆಯ ಬೆನೆಡಿಕ್ಟ್ ಪೋಪರು 2013ರ ಫೆಬ್ರವರಿಯಲ್ಲಿ, ವಯಸ್ಸಾಗಿ ಶಕ್ತಿ ಕುಂದಿತೆಂದು ಹೇಳಿ ತಾವಾಗಿಯೇ ಪದವಿ ಬಿಟ್ಟರು. 1415ರ ನಂತರ ಪೋಪರೊಬ್ಬರು ಪದವಿ ಬಿಟ್ಟದ್ದು ಅದೇ ಮೊದಲು. ಹೊರಡುವ ದಿನ, ಇನ್ನೂ ಆಯ್ಕೆಯೇ ಆಗದಿದ್ದ ಉತ್ತರಾಧಿಕಾರಿಗೆ ತಮ್ಮ ವಿಧೇಯತೆಯನ್ನು ಮುಂಚಿತವಾಗಿಯೇ ಅರ್ಪಿಸಿದರು. ಆದರೂ ಮುಂದಿನ ವರ್ಷಗಳಲ್ಲಿ ಅವರ ಕೆಲವು ಅಭಿಮಾನಿಗಳು ಹಳೆಯವರ ಹೆಸರನ್ನು ಹೊಸ ಪೋಪರಾದ ಫ್ರಾನ್ಸಿಸರ ಮೇಲೆ ಕೋಲಿನಂತೆ ಬೀಸಿದರು. ಹಳಬರ ಮೇಲಿನ ಕೃತಜ್ಞತೆ ಹೊಸಬರ ಮೇಲಿನ ಮುನಿಸಾದರೆ ಅದಕ್ಕೆ ಕೃತಜ್ಞತೆಯೆಂಬ ಹೆಸರು ಸಲ್ಲುತ್ತದೆಯೆ?

ಇನ್ನೂ ಕಠಿನವಾದ ಪ್ರಶ್ನೆಯೊಂದಿದೆ. ಹೋಗುವವರಲ್ಲಿ ತಪ್ಪುಗಳಿದ್ದರೆ? ಬೆನೆಡಿಕ್ಟರು ಮ್ಯೂನಿಕ್ಕಿನ ಆರ್ಚ್‌ಬಿಷಪರಾಗಿದ್ದಾಗ ಮಕ್ಕಳ ಮೇಲೆ ದೌರ್ಜನ್ಯವೆಸಗಿದ ಪಾದ್ರಿಗಳ ವಿಷಯದಲ್ಲಿ ತಕ್ಕ ಕ್ರಮ ಕೈಗೊಳ್ಳಲಿಲ್ಲವೆಂದು 2022ರ ಜನವರಿಯಲ್ಲಿ ಒಂದು ವರದಿ ದೂಷಿಸಿತು. ಅವರು ಮುಂದಿನ ತಿಂಗಳು ಪತ್ರ ಬರೆದು ಕ್ಷಮೆ ಬೇಡಿದರು. ತಾವು ಯಾವುದನ್ನೂ ಮುಚ್ಚಿಡಲಿಲ್ಲವೆಂಬ ನಿಲುವನ್ನು ಮಾತ್ರ ಬಿಡಲಿಲ್ಲ. ಅದೇ ವರ್ಷದ ಡಿಸೆಂಬರ್ 31ರಂದು ತೀರಿಕೊಂಡರು. ಅವರ ವಿದ್ವತ್ತಿನಿಂದ ಬೆಳಕು ಪಡೆದವನು ಅದನ್ನು ನೆನೆಯಬಾರದೆ? ನೆನೆಯಬೇಕು. ಆದರೆ ನೊಂದ ಮಗುವಿನ ಬಾಯಿ ಮುಚ್ಚಿಸುವ ಹೊದಿಕೆಯಾಗಿ ಅದನ್ನು ಬಳಸಬಾರದು. ‘ಅವರು ಮಹಾತ್ಮರು’ ಎಂಬ ಸಾರಾಸಗಟಿನ ಮಾತು ತಪ್ಪನ್ನು ಮುಚ್ಚುತ್ತದೆ. ‘ನನಗೆ ಇದನ್ನು ಕೊಟ್ಟರು’ ಎಂಬ ಮಾತು ಯಾವುದನ್ನೂ ಮುಚ್ಚುವುದಿಲ್ಲ. ಇನ್ನೊಬ್ಬನ ಲೆಕ್ಕಕ್ಕೂ ಪಕ್ಕದಲ್ಲಿ ಜಾಗ ಬಿಡುತ್ತದೆ. ಆ ಮುದುಕಿಯ ‘ಆರು ಸಲ’ ಎಂಬ ಮಾತಿನ ಸತ್ಯವಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ.

ನಮ್ಮ ಭಾಷೆಯಲ್ಲಿ ಬೀಳ್ಕೊಡುವುದೆಂದರೆ ಹೋಗಲು ಅಪ್ಪಣೆ ಕೊಡುವುದು. ಬೀಳ್ಕೊಳ್ಳುವುದೆಂದರೆ ಆ ಅಪ್ಪಣೆಯನ್ನು ಪಡೆಯುವುದು. ಹಾರ, ಶಾಲು, ಫಲಕಗಳನ್ನೆಲ್ಲ ನಾವು ಕೊಡುತ್ತೇವೆ. ಈ ಅಪ್ಪಣೆಯೊಂದನ್ನು ಮಾತ್ರ ಕೈಯಲ್ಲಿಯೇ ಹಿಡಿದುಕೊಂಡಿರುತ್ತೇವೆ.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಸಾಮಾನು ಲಾರಿಗೆ ಏರುತ್ತಿತ್ತು. ಪುಸ್ತಕದ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ ಅವರ ಪಕ್ಕದಲ್ಲಿ ನಿಂತು, “ಅಯ್ಯನವರೆ, ನಮ್ಮ ತಂದೆಯವರಿಗೆ ನೀವು ಪತ್ರಿಕೆ ಓದಿದಿರಿ. ಓದಬೇಕಾಗಿದ್ದವನು ನಾನು” ಎಂದೆ. ಮೂರು ವರ್ಷ ತಡವಾದ ಮಾತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕುಸ್ತಿಯ ವಿಷಯ ಅವರಿಗೆ ಬಹಳ ಗೊತ್ತಿತ್ತು. ನಾನೇ ಕೇಳಿ ಕಲಿತೆ” ಎಂದರು. ಆಮೇಲೆ, “ಬರುವ ವಾರ ಹೊಸಬರು ಬರುತ್ತಾರೆ, ಸರ್. ಅವರಿಗೆ ಊರು ಹೊಸದು” ಎಂದರು.

‘ಹೋಗಿ ಬನ್ನಿ’ ಎಂದು ನಾಲಗೆಯ ತುದಿಗೆ ಬಂದಿತ್ತು. ಆ ಸ್ಥಾನಕ್ಕೆ ಅವರು ಮರಳಿ ಬರುವವರಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅದನ್ನೇ ಹೇಳಿದೆ. ಕನ್ನಡದಲ್ಲಿ ಬೇರೆ ಮಾತಿಲ್ಲ. ಲಾರಿ ತಿರುವಿನವರೆಗೆ ಹೋಗುವುದನ್ನು ನೋಡುತ್ತ ನಿಂತೆ.

ಮುಂದಿನ ವಾರ ಹೊಸ ಸಭಾಪಾಲಕರ ಸಾಮಾನು ಇಳಿಯುತ್ತಿದ್ದಾಗ ನನ್ನ ಹೆಂಡತಿ ಒಂದು ತಂಬಿಗೆ ಹಾಲು ಕೊಟ್ಟು ಕಳಿಸಿದಳು. ತೆಗೆದುಕೊಂಡು ಹೋದೆ. ಅವರು ನನ್ನನ್ನು ಯಾರೆಂದು ಕೇಳಿದರು. “ನೆರೆಯವನು” ಎಂದೆ.